ವಾಸಣ್ಣ ಪುಕ್ಕಟೆ ಕೊಡುತ್ತಿದ್ದ ಪಿಕ್ಚರ್

ಎನ್.ಆರ್. ಕಾಲೋನಿಯಲ್ಲಿ ವೀಡಿಯೋ ಲೈಬ್ರರಿ ಇಟ್ಟಿದ್ದ ವಾಸಣ್ಣ, ಒಂದು ಹಳೇ ಚಿತ್ರದ ಕ್ಯಾಸೆಟ್ ವಾಪಸ್ ಬಂದರೆ ಸಾಕು, ಕಿಟಕಿಯ ಬೆಳಕಿಗೆ ಹಿಡಿದು ಕಣ್ಣು ಕಿರಿದು ಮಾಡುತ್ತಿದ್ದರು. ಕೊಡುವಾಗಲೇ ಟೇಪನ್ನು ಸ್ವಲ್ಪ ಮುಂದಕ್ಕೆ ಓಡಿಸಿ ನಿಲ್ಲಿಸಿರುತ್ತಿದ್ದರು. ನೋಡುವವರು ಅದನ್ನು ಹಿಂದಕ್ಕೆ, ಶುರುವಿಗೆ ಸುತ್ತಲೇಬೇಕು. ವಾಪಸ್ ಬಂದಾಗಲೂ ಟೇಪು ಅದೇ ಜಾಗದಲ್ಲಿದ್ದರೆ, "ಇವ್ರೂ ನೋಡ್ಲಿಲ್ಲ ಕಣಯ್ಯಾ" ಎನ್ನುತ್ತಿದ್ದರು.

ಹೊಸ ಚಿತ್ರ ಕೇಳಿ ಬಂದವರ ಚೀಲಕ್ಕೆ ಈ ಹಳೇ ಕ್ಯಾಸೆಟ್ಟನ್ನೂ ಪುಕ್ಕಟೆಯಾಗಿ ತುರುಕುವುದು ಅವರ ಪದ್ಧತಿ. ನಾನು ಚಿಕ್ಕಪೇಟೆಯಲ್ಲಿ ಸೀರೆ ಮಾರಿ ಮೇಲೆ ಬಂದವನು. "ಪುಕ್ಕಟೆ ಮಾಲಿಗೆ ಮರ್ಯಾದೆ ಇರಲ್ಲ ವಾಸಣ್ಣ. ಡಬಲ್ ಬಾಡಿಗೆ ಹಾಕಿ, ಆಗ ನೋಡ್ತಾರೆ" ಎಂದೆ.

"ಮೊದ್ಲು ನೀನು ನೋಡು, ಆಮೇಲೆ ರೇಟು ಕಟ್ಟು."

ನೋಡಿದೆ. ಕಪ್ಪುಬಿಳುಪು ಚಿತ್ರ. ಹೋಟೆಲಿನ ಅಡಿಗೆಯವನೊಬ್ಬನನ್ನು ಪತ್ರಿಕೆಯೊಂದು ಪವಾಡಪುರುಷನನ್ನಾಗಿ ಮಾಡುತ್ತದೆ. ಅವನ ಮದುವೆಯ ಫೋಟೋದಿಂದ ಸಂಪಾದಕ ಹೆಂಡತಿಯನ್ನು ಕತ್ತರಿಸಿ ಬಿಸಾಡುತ್ತಾನೆ. ಆ ತುಂಡನ್ನು ಆಫೀಸಿನ ನೆಲದಿಂದ ಆಯ್ದುಕೊಳ್ಳುವವಳು ಅವಳೇ. ಸಂಗೀತವಿಲ್ಲ, ಅಚ್ಚಿನ ಯಂತ್ರದ ಸದ್ದು ಮಾತ್ರ. ಅಂಗಡಿ ತೆರೆಯುವುದನ್ನೂ ಮರೆತು ಕೂತಿದ್ದೆ. ಇಂಥ ಚಿತ್ರ ವಾರವೂ ಓಡಲಿಲ್ಲವಂತೆ. ರೀಲು ಏನಾಯಿತೋ, ನಮಗೆ ತಿಳಿದಂತೆ ಉಳಿದದ್ದು ಆ ಕ್ಯಾಸೆಟ್ ಒಂದೇ. ಕಾಪಿ ಮಾಡಿಸಿ ಎಂದರೆ ಒಪ್ಪುತ್ತಿರಲಿಲ್ಲ. "ಕಾಪೀಲಿ ಆ ಹೆಂಡ್ತಿ ಕಣ್ಣು ಮಸುಕಾಗತ್ತೆ. ಆ ಕಣ್ಣೇ ಹೋದ್ಮೇಲೆ ಇನ್ನೇನಿದೆ?"

ಸೀಡಿಗಳು ಬಂದು ಲೈಬ್ರರಿ ಒಣಗುತ್ತಿದ್ದಾಗ ಟೀವಿಯವರು ಬಂದರು. "ನಿಮ್ ಪಿಕ್ಚರ್‌ನ ಇಡೀ ಕರ್ನಾಟಕ ನೋಡತ್ತೆ ಸಾರ್" ಎಂದು ಕ್ಯಾಸೆಟ್ ಕೇಳಿದರು. ಒಂದೇ ಇರುವ ವಸ್ತುವನ್ನು ಬಾಯಿಮಾತಿನ ಮೇಲೆ ಯಾರೂ ಕೊಡಬಾರದು. ಅದನ್ನೇ ಹೇಳಿದೆ. "ಸುಮ್ನಿರೋ, ಒಳ್ಳೇ ಕೆಲ್ಸಕ್ಕೆ ಬಂದೋರ ಹತ್ರಾನೂ ವ್ಯಾಪಾರ ಮಾಡ್ತೀಯ!" ಎಂದು ಗದರಿ ಕೊಟ್ಟುಬಿಟ್ಟರು.

ಕಾರ್ಯಕ್ರಮದಲ್ಲಿ ಚಿತ್ರದ ಒಂದು ತುಣುಕೂ ಇರಲಿಲ್ಲ. ವಾಸಣ್ಣ ಕಣ್ಣು ಕಿರಿದು ಮಾಡುವುದನ್ನೇ ಮತ್ತೆ ಮತ್ತೆ ತೋರಿಸಿ, ಹಾಸ್ಯದ ಸಂಗೀತ ಹಾಕಿ, 'ಸಿನಿಮಾ ಹುಚ್ಚ' ಎಂದರು. ಕ್ಯಾಸೆಟ್ ವಾಪಸ್ ಕೇಳಲು ಟೀವಿ ಆಫೀಸಿಗೆ ನಾನೇ ಹೋದೆ. ಚೌಕಾಸಿ ನನ್ನ ಕಸುಬು ನಿಜ. ಆದರೆ ಎದುರಿನವನಿಗೆ ಬೇಕಾದದ್ದೇನಾದರೂ ನಮ್ಮ ಕೈಯಲ್ಲಿದ್ದರೆ ತಾನೇ ಚೌಕಾಸಿ? "ಯಾವ್ ಕ್ಯಾಸೆಟ್ಟು ಸಾರ್? ಬೇಕಾದ್ರೆ ಬ್ಲ್ಯಾಂಕ್ ಒಂದು ತಗೊಂಡ್ಹೋಗಿ" ಎಂದರು.

ಜನ ಮಾತ್ರ ಅಂಗಡಿಗೆ ಬಂದರು. "ಟೀವೀಲಿ ಬಂದಿದ್ದು ನೀವೇ ಅಲ್ವಾ?"

"ನನ್ನನ್ ಬಿಡ್ರೀ, ಆ ಪಿಕ್ಚರ್ ಇದ್ಯಲ್ಲ..." ಎಂದು ಮೊದಮೊದಲು ವಾಸಣ್ಣ ಕಥೆ ಶುರುಮಾಡುತ್ತಿದ್ದರು. ಕೇಳಲು ಯಾರೂ ನಿಲ್ಲುತ್ತಿರಲಿಲ್ಲ.

ಕೊನೆಯ ಸಲ ಅವರನ್ನು ಕಂಡದ್ದು ಗವಿಪುರದಲ್ಲಿ, ಮಗಳ ಮನೆಯಲ್ಲಿ. ಹಾಸಿಗೆ ಹಿಡಿದಿದ್ದರು. ಇಂಜೆಕ್ಷನ್ ಕೊಡಲು ಬಂದ ನರ್ಸಮ್ಮ, "ಅಯ್ಯೋ, ಟೀವೀಲಿ ಬಂದಿದ್ದ ತಾತ!" ಎಂದು ಫೋಟೋಗೆ ಮೊಬೈಲ್ ತೆಗೆದಳು. ಈಗ ಪಿಕ್ಚರಿನ ಮಾತು ಎತ್ತುತ್ತಾರೆಂದು ಕಾದೆ. ವಾಸಣ್ಣ ನನ್ನತ್ತ ಕೈ ಚಾಚಿ ಬಾಚಣಿಗೆ ಕೇಳಿದರು. ಇದ್ದ ನಾಲ್ಕು ಕೂದಲು ಬಾಚಿಕೊಂಡು, ಅವಳನ್ನು ಮೆಲ್ಲಗೆ ಕೇಳಿದರು: "ಇದನ್ನೂ ಟೀವೀಲಿ ಹಾಕ್ತಾರೇನಮ್ಮಾ?"