ಖಟಕ್ ಅನ್ನದ ಕ್ಯಾಮೆರಾ

ಉಗಾರ ಖುರ್ದದ ಸುತ್ತಮುತ್ತ ದಾದಾಸಾಹೇಬರ ಕುತ್ತಿಗೆ ನೋಡದೆ ಮದುವೆಯಾದವರು ಕಡಿಮೆ. ಕುತ್ತಿಗೆಯೆಂದರೆ ಬರೀ ಕುತ್ತಿಗೆಯಲ್ಲ. ಅಲ್ಲಿಂದ ಹೊಟ್ಟೆಯ ತನಕ ಇಳಿಬಿದ್ದ ಕರಿ ಕ್ಯಾಮೆರಾ, ಅದರ ಮೂತಿಗೆ ಸೋರೆಕಾಯಿ ಗಾತ್ರದ ಲೆನ್ಸು, ನೆತ್ತಿಯ ಮೇಲೆ ಫ್ಲಾಶು, ಎಲ್ಲ ಸೇರಿ ಎಳೆಗೂಸಿನಷ್ಟು ಭಾರ. ಮದುಮಗನಿಗೆ ಬಾಸಿಂಗ ಹೇಗೋ ದಾದಾಸಾಹೇಬರಿಗೆ ಇದು ಹಾಗೆ. ಅವರು ಮಂಟಪದೊಳಗೆ ಬಂದರೆಂದರೆ ಹೆಂಗಸರು ಸೆರಗು ಸರಿಮಾಡಿಕೊಳ್ಳುತ್ತಿದ್ದರು, ಗಂಡಸರು ಹೊಟ್ಟೆ ಒಳಗೆ ಎಳೆದುಕೊಳ್ಳುತ್ತಿದ್ದರು. ಇಷ್ಟು ಮರ್ಯಾದೆ ಆ ಊರಿನಲ್ಲಿ ಸಕ್ಕರೆ ಕಾರ್ಖಾನೆಯ ಮ್ಯಾನೇಜರರಿಗೂ ಇರಲಿಲ್ಲ.

ಮೂವತ್ತು ವರ್ಷ ಇಂಥ ಕೂಸುಗಳನ್ನು ಹೊತ್ತ ಮೇಲೆ ಕುತ್ತಿಗೆ ತಕರಾರು ತೆಗೆಯಿತು. ಮೊದಲು ನೋವು, ಆಮೇಲೆ ಬಲಗೈ ತೋರುಬೆರಳಿಗೆ ಜೋಮು. ಗುಂಡಿ ಒತ್ತುವ ಬೆರಳಿಗೇ ಜೋಮು ಹಿಡಿದರೆ ಫೋಟೋಗ್ರಾಫರನಿಗೆ ಉಳಿದದ್ದೇನು? ಮಿರಜಕ್ಕೆ ಹೋದರು. ಅಲ್ಲಿಯ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿ, ಮೇಜಿನ ಅಂಚಿಗೆ ತಮ್ಮ ದೊಡ್ಡ ಹೊಟ್ಟೆಯನ್ನು ಆನಿಸಿಕೊಂಡು, ಭಾರ ಹೊರಬಾರದು ಎಂಬ ಉಪದೇಶ ಮಾಡಿದರು.

"ಕ್ಯಾಮೆರಾ ಬಿಡ್ರಿ, ಇಲ್ಲಾ ಕೈ ಬಿಡ್ರಿ. ಎರಡರಾಗ ಒಂದು. ಸಮಜ್ಲಾ ಕಾ, ತಿಳೀತೇನು?"

ಹೆಂಡತಿ ತ್ರಿಶಲಾಗೆ ಇದಕ್ಕಿಂತ ಸಿಹಿಸುದ್ದಿ ಇರಲಿಲ್ಲ. "ಸಾಕಾತು ಬಿಡ್ರಿ. ಅಂಗಡಿ ಮುಚ್ಚಿ ನಾಲ್ಕ ಮಂದಿ ಹಂಗ ಕಟ್ಟಿ ಮ್ಯಾಲ ಕುಂಡರ್ರಿ" ಎಂದಳು.

ಆ ಕಟ್ಟೆ ದಾದಾಸಾಹೇಬರಿಗೆ ಗೊತ್ತಿತ್ತು. ಕಾರ್ಖಾನೆಯಿಂದ ರಿಟೈರಾದವರೆಲ್ಲ ಅಲ್ಲಿ ಮುಂಜಾನೆಯಿಂದ ಕೂತು, ಯಾರಿಗೆ ಶುಗರು ಎಷ್ಟು ಎಂದು ಒಬ್ಬರದೊಬ್ಬರು ಕೇಳಿಕೊಂಡು, ಊಟಕ್ಕೆ ಮನೆಗೆ ಹೋಗಿ, ಅದೇ ಮಾತು ಮುಂದುವರಿಸಲು ಮತ್ತೆ ಬರುತ್ತಿದ್ದರು. ಅಲ್ಲಿ ಕೂತವರನ್ನು ಯಾವ ಮದುವೆಯಲ್ಲೂ ಯಾರೂ ಹುಡುಕುವುದಿಲ್ಲ. ದಾದಾಸಾಹೇಬರಿಗೆ ಹೆದರಿಕೆಯಾಯಿತು. ಹೆದರಿಕೆ ಎಂದು ಹೇಳಿಕೊಳ್ಳಲು ನಾಚಿಕೆಯಾಗಿ, "ವಿಚಾರ ಮಾಡೂಣು" ಎಂದರು.

ಅವರ ಮುಖ ಓದಿದವಳು ಮಗಳು ಮೇಘಾ. ನಿಪ್ಪಾಣಿಯ ಕಾಲೇಜಿನಲ್ಲಿ ಪಾಠ ಹೇಳುವವಳು. ಹಬ್ಬಕ್ಕೆ ಬರುವಾಗ ಹೊಸ ಕ್ಯಾಮೆರಾ ತಂದೇ ಬಿಟ್ಟಳು. ದಾದಾಸಾಹೇಬರು ಡಬ್ಬಿ ಎತ್ತಿ ನೋಡಿ, ಅಂಗಡಿಯವನು ಒಳಗೆ ಕ್ಯಾಮೆರಾ ಹಾಕುವುದನ್ನೇ ಮರೆತಿದ್ದಾನೆ ಎಂದುಕೊಂಡರು. ಅಷ್ಟು ಹಗುರ.

"ಇದರಾಗ ಕನ್ನಡಿ ಇರೂದಿಲ್ಲ ಪಪ್ಪಾ, ಮಿರರ್‌ಲೆಸ್" ಎಂದಳು ಮೇಘಾ.

"ಕನ್ನಡೀನ ಇಲ್ಲಂದ್ರ ಮಾರಿ ಹೆಂಗ ಕಾಣ್ತೈತಿ?" ಎಂದಳು ತ್ರಿಶಲಾ.

ಮರುದಿನದಿಂದ ದಾದಾಸಾಹೇಬರ ವಿದ್ಯಾಭ್ಯಾಸ. ಜೊತೆಗೆ ಬಂದ ಪುಸ್ತಿಕೆಯಲ್ಲಿ ಜಗತ್ತಿನ ಸಕಲ ಭಾಷೆಗಳಲ್ಲಿ ಕ್ಯಾಮೆರಾವನ್ನು ನೀರಿಗೆ ಹಾಕಬೇಡಿ ಎಂದು ಬರೆದಿತ್ತು. ಹಾಕದಿದ್ದರೆ ಅದರಿಂದ ಏನು ಮಾಡಬೇಕು ಎಂಬುದು ಮಾತ್ರ ಯಾವ ಭಾಷೆಯಲ್ಲೂ ಇರಲಿಲ್ಲ. ಮೆನು ತೆರೆದರೆ ಹಳೆಯ ವಾಡೆಯ ಹಾಗೆ ಕೋಣೆಯೊಳಗೊಂದು ಕೋಣೆ. ಕನ್ನಡ ಇರಲಿಲ್ಲ. ಹಿಂದಿಗೆ ಇಟ್ಟು ನೋಡಿದರು. ಆ ಹಿಂದಿಯನ್ನು ಹಿಂದಿ ಮಾಸ್ತರರೂ ಆಡುವುದಿಲ್ಲ. ಮರಳಿ ಇಂಗ್ಲಿಷಿಗೆ ಬರೋಣವೆಂದರೆ ಭಾಷೆ ಬದಲಿಸುವ ಜಾಗವೇ ಹಿಂದಿಯೊಳಗೆ ಮುಳುಗಿಹೋಗಿತ್ತು. ನಿಪ್ಪಾಣಿಗೆ ಫೋನು ಹಚ್ಚಿದರು, ಮಗಳು ಪಾಠ ನಿಲ್ಲಿಸಿ ಅಪ್ಪನನ್ನು ದಡಕ್ಕೆ ಎಳೆಯಬೇಕಾಯಿತು.

ಈ ಕ್ಯಾಮೆರಾ ಎದುರಿಗೆ ಇದ್ದವರ ಕಣ್ಣನ್ನು ತಾನಾಗಿ ಹುಡುಕಿ ಹಿಡಿಯುತ್ತದೆ ಎಂದು ಮೇಘಾ ಹೇಳಿದ್ದಳು. ಪರೀಕ್ಷೆಗೆ ತ್ರಿಶಲಾಳನ್ನು ದನದ ಕೊಟ್ಟಿಗೆಯ ಬಾಗಿಲಿಗೆ ನಿಲ್ಲಿಸಿದರು. ಹಿಂದೆ ಎಮ್ಮೆ ಮೆಲುಕು ಹಾಕುತ್ತಿತ್ತು. ಫೋಟೋ ಬಂತು. ಎಮ್ಮೆಯ ರೆಪ್ಪೆಯ ಕೂದಲು ಎಣಿಸುವ ಹಾಗಿತ್ತು. ತ್ರಿಶಲಾ ಮಂಜಿನಲ್ಲಿ ನಿಂತ ಯಾರೋ ಪರಸ್ಥಳದ ಹೆಂಗಸು. ಮತ್ತೆ ತೆಗೆದರು, ಮತ್ತೆ ಎಮ್ಮೆ.

"ಸಂಸಾರ ಮಾಡಿದಾಕಿ ನಾ, ಕಣ್ಣಿಗೆ ಬಿದ್ದಾಕಿ ಎಮ್ಮಿ" ಎಂದು ತ್ರಿಶಲಾ ಒಳಗೆ ಹೋದಳು. ಆ ದಿನ ಪಲ್ಯಕ್ಕೆ ಉಪ್ಪು ಹಾಕಲು ಅವಳಿಗೆ ನೆನಪಾಗಲಿಲ್ಲ.

"ಪಪ್ಪಾ, ಅದು ಪ್ರಾಣಿಗೆ ಸೆಟ್ ಆಗೇತಿ. ಮನಷ್ಯಾಗ ಹಾಕ್ರಿ" ಎಂದಳು ಮೇಘಾ ಫೋನಿನಲ್ಲಿ.

"ಹಕ್ಕಿ ಸಿಕ್ತವಾ, ವಿಮಾನ ಸಿಕ್ತು. ಮನಷ್ಯಾರು ಯಾವ ಪುಟದಾಗ ಅದಾರ?"

ಮನುಷ್ಯರೂ ಸಿಕ್ಕರು. ನಿಧಾನಕ್ಕೆ ಒಂದೊಂದೇ ಕೋಣೆಯ ಬಾಗಿಲು ತೆರೆಯಿತು. ಒಂದು ಮಧ್ಯಾಹ್ನ ಯಾರೂ ಹೇಳಿಕೊಡದೆಯೇ ದಾದಾಸಾಹೇಬರು ಶಬ್ದ ಬಂದ್ ಮಾಡುವ ಜಾಗ ಕಂಡುಹಿಡಿದರು. ಗುಂಡಿ ಒತ್ತಿದರೆ ಸದ್ದೇ ಇಲ್ಲ. ಅಂಗಳದ ಗುಬ್ಬಿಯನ್ನು ಮಾರು ದೂರದಿಂದ ತೆಗೆದರು, ಗುಬ್ಬಿ ಹಾರಲಿಲ್ಲ. ಜೈನರ ಮನೆಯಲ್ಲಿ ಹುಟ್ಟಿದ ಜೀವಕ್ಕೆ ಬಹಳ ಸಮಾಧಾನವಾಯಿತು. "ಇದು ಖರೇ ಅಹಿಂಸಾದ ಕ್ಯಾಮೆರಾ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದರು. ಶಬ್ದವನ್ನು ಮತ್ತೆ ಹಚ್ಚಲಿಲ್ಲ. ಹಚ್ಚುವ ಜಾಗವನ್ನೂ ಹೊಸ ಸಂಭ್ರಮದಲ್ಲಿ ಮರೆತರು.

ಅಷ್ಟರಲ್ಲಿ ಕಾಗವಾಡದ ಮದುವೆ ಬಂತು. ಕಾಕಾಸಾಹೇಬರೆಂದರೆ ಅಲ್ಲಿಯ ದ್ರಾಕ್ಷಿ ತೋಟದ ದೊಡ್ಡ ಕುಳ. ಅವರ ಮಗಳು ನೀಲಮಳ ಮದುವೆ. ದಾದಾಸಾಹೇಬರು ಹಗುರಾದ ಕುತ್ತಿಗೆ ಎತ್ತಿಕೊಂಡು ಮಂಟಪಕ್ಕೆ ಬಂದರು. ಒಂದು ಸೆರಗೂ ಸರಿಯಲಿಲ್ಲ, ಒಂದು ಹೊಟ್ಟೆಯೂ ಒಳಗೆ ಹೋಗಲಿಲ್ಲ.

"ದಾದಾ, ಕ್ಯಾಮೆರಾ ಗಾಡ್ಯಾಗ ಐತೇನು?" ಎಂದರು ಕಾಕಾಸಾಹೇಬರು.

"ಇದಽ ಕ್ಯಾಮೆರಾರಿ."

ಕಾಕಾಸಾಹೇಬರು ಅದನ್ನು ಅಂಗೈ ಮೇಲಿಟ್ಟು ನೋಡಿದರು. "ದೊಡ್ಡದ ಯಾವಾಗ ಆಗ್ತೈತಿ?"

ನಗು ಎದ್ದಿತು. ದಾದಾಸಾಹೇಬರೂ ನಕ್ಕರು, ಮತ್ತೇನು ಮಾಡುವುದು.

ಮಂಗಲಾಷ್ಟಕ ಮುಗಿದು ಅಂತರಪಟ ಸರಿಯಿತು. ನೀಲಮ ಮಾಲೆಯನ್ನು ಮದುಮಗನ ಕಿವಿಯ ಮಟ್ಟಕ್ಕೆ ಎತ್ತಿ ದಾದಾಸಾಹೇಬರ ಕಡೆ ತಿರುಗಿ ನಿಂತಳು. ದಾದಾಸಾಹೇಬರು ಒತ್ತಿದರು. ನೀಲಮ ನಿಂತೇ ಇದ್ದಳು. ಮತ್ತೆ ಒತ್ತಿ, "ಆತು, ಹಾಕವಾ" ಎಂದರು. ಹಾಕಲಿಲ್ಲ. ಮದುಮಗ ಕುತ್ತಿಗೆ ಮುಂದೆ ಚಾಚಿ, ಹಲ್ಲು ಬಿಟ್ಟುಕೊಂಡು ಹಾಗೇ ಇದ್ದ. ಬೀಗರು, ಬಿಜ್ಜರು, ಅಕ್ಷತೆ ಹಿಡಿದ ಕೈಗಳು, ಎಲ್ಲವೂ ನಿಂತವು. ವಾದ್ಯ ಬಾರಿಸುವವನೂ ಕೋಲು ಎತ್ತಿ ಹಿಡಿದು ನಿಂತ.

ತಪ್ಪು ಅವರದಲ್ಲ. ರೋಲು ಹಾಕುವ ಕಾಲದಲ್ಲಿ ಒಬ್ಬರು ಅಳ್ಳಾಡಿದರೂ ಫೋಟೋ ಕೆಡುತ್ತಿತ್ತು. ಆಗ ದಾದಾಸಾಹೇಬರೇ ಮದುಮಕ್ಕಳನ್ನು, ಅವರ ಅಪ್ಪಂದಿರನ್ನು, ಒಮ್ಮೊಮ್ಮೆ ಪಂಡಿತರನ್ನೂ ಗದರಿಸಿ ಕಲಿಸಿದ್ದರು: "ಖಟಕ್ ಅನ್ನೂತನಾ ಉಸಿರ ಬಿಡಬ್ಯಾಡ್ರಿ!" ಕೃಷ್ಣೆಯ ಈ ದಂಡೆಯ ಜನ ಸರಕಾರ ಹೇಳಿದ್ದನ್ನು ಎಷ್ಟು ಕಲಿತರೋ ಗೊತ್ತಿಲ್ಲ, ಇದನ್ನು ಮಾತ್ರ ಬಾಯಿಪಾಠ ಮಾಡಿದ್ದರು. ತಾಯಂದಿರು ಹೆಣ್ಣುಮಕ್ಕಳಿಗೆ ಅಡುಗೆಯ ಜೊತೆ ಇದನ್ನೂ ಕಲಿಸಿದ್ದರು.

"ಖಟಕ್ ಎಲ್ಲೈತೋ ದಾದಾ?" ಎಂದು ಕೂಗಿದರು ಕಾಕಾಸಾಹೇಬರ ತಾಯಿ ರಾಜಮತಿ ಆಯಿ. "ಖಟಕ್ ಅನ್ನಲಿಲ್ಲಲ್ಲೋ!"

ದಾದಾಸಾಹೇಬರು ಮೆನುವಿಗೆ ನುಗ್ಗಿದರು. ಶಬ್ದ ಎಂಬುದು ಯಾವ ಕೋಣೆಯಲ್ಲಿತ್ತು? ಒಂದು ಬಾಗಿಲು ತೆರೆದರೆ ಹಕ್ಕಿ ಬಂತು, ಇನ್ನೊಂದು ತೆರೆದರೆ ವೈಫೈ ಬೇಕೇ ಎಂದು ಕೇಳಿತು. ಪಂಡಿತರು ಗಡಿಯಾರ ನೋಡಿದರು. ನೀಲಮ ಎತ್ತಿ ಹಿಡಿದ ಮಾಲೆ ಒಂದು ಕಡೆಗೆ ಜಾರತೊಡಗಿತು. ದಾದಾಸಾಹೇಬರ ಹಣೆಯಿಂದ ಬೆವರು ಇಳಿದು ಮೆನುವಿನ ಮೇಲೆ ಬಿತ್ತು, ಪುಸ್ತಿಕೆ ಬೇಡವೆಂದಿದ್ದ ನೀರು ಅದೇ. ಕೊನೆಗೆ ದಾದಾಸಾಹೇಬರು ಕ್ಯಾಮೆರಾವನ್ನು ಕಣ್ಣಿಗೆ ಒತ್ತಿಕೊಂಡು ಗಂಟಲು ಹರಿಯುವಂತೆ ಕೂಗಿದರು:

"ಖಟಕ್!"

ಮಾಲೆ ಬಿತ್ತು, ಅಕ್ಷತೆ ಸುರಿಯಿತು, ವಾದ್ಯ ಮೊಳಗಿತು. ಆ ಮೇಲೆ ದಿನವಿಡೀ ಅದೇ ಕೆಲಸ. ಅತ್ತೆಯ ಗುಂಪಿಗೆ ಖಟಕ್, ಮಾವನ ಗುಂಪಿಗೆ ಖಟಕ್. ಜೈನರು ಹೊತ್ತು ಮುಳುಗುವ ಮುಂಚೆ ಉಣ್ಣಬೇಕಾದ ಪಂಗತಿಯಲ್ಲಿ ಜನ ಕೈಯಲ್ಲಿ ತುತ್ತು ಹಿಡಿದು ಖಟಕ್‌ಗೆ ಕಾದರು. "ಬಾಯಿಲೆ ಖಟಕ್ ಅಂತಾನ, ಫೋಟೋನೂ ಬಾಯಿಲೇನ ಹೇಳ್ತಾನೇನು?" ಎಂದ ಗಂಡಿನ ಕಡೆಯವನೊಬ್ಬ. ದಾದಾಸಾಹೇಬರಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು.

ಮನೆಗೆ ಬಂದು ಫೋಟೋಗಳನ್ನು ಕಂಪ್ಯೂಟರಿಗೆ ಹಾಕಿ ನೋಡಿದರು. ಖಟಕ್‌ಗೆ ಮೊದಲಿನ ಫೋಟೋಗಳಲ್ಲಿ ಎಲ್ಲರೂ ಪೊಲೀಸ್ ಠಾಣೆಗೆ ಕರೆಸಿದವರ ಹಾಗೆ ನಿಂತಿದ್ದರು. ಆದರೆ ಗಾಬರಿಯಲ್ಲಿ ಬೆರಳು ಒತ್ತುತ್ತಲೇ ಇತ್ತು. ಕೂಗಿದ ನಂತರದ ಫೋಟೋಗಳಲ್ಲಿ ಎಲ್ಲರೂ ಉಸಿರು ಬಿಟ್ಟಿದ್ದರು. ಸೊಟ್ಟ ಮಾಲೆ ನೋಡಿ ನೀಲಮ ನಗುತ್ತಿದ್ದಳು. ದಿನವಿಡೀ ಗತ್ತಿನಲ್ಲಿದ್ದ ಕಾಕಾಸಾಹೇಬರು ಟಾವೆಲ್ಲಿನ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ರಾಜಮತಿ ಆಯಿಯ ಬೊಚ್ಚುಬಾಯಿ ಪೂರ್ತಿ ತೆರೆದಿತ್ತು.

ದಾದಾಸಾಹೇಬರು ಬಹಳ ಹೊತ್ತು ನೋಡಿದರು. ಈ ಮುಖಗಳು ಎಲ್ಲ ಮದುವೆಗಳಲ್ಲೂ ಇದ್ದವು. ತಾವು ಖಟಕ್ ಅನ್ನಿಸಿ ಕ್ಯಾಮೆರಾ ಕೆಳಗಿಳಿಸಿದ ಮೇಲೆ ಬರುತ್ತಿದ್ದವು, ಅಷ್ಟೇ. ಇಷ್ಟು ವರ್ಷ ಒಳ್ಳೆಯದನ್ನೆಲ್ಲ ಬಿಟ್ಟು ಅದಕ್ಕೆ ಮುಂಚಿನ ಗಳಿಗೆಯನ್ನೇ ತೆಗೆದೆನಲ್ಲ ಎಂದು ಅವರಿಗೆ ಎದೆಯಲ್ಲಿ ಸಂಕಟವಾಯಿತು. ತ್ರಿಶಲಾಳನ್ನು ಕರೆದು ತೋರಿಸಿದರು. ಅವಳು ಎಮ್ಮೆಯ ಸಿಟ್ಟನ್ನು ಮರೆತು ಪಕ್ಕದಲ್ಲಿ ಕೂತಳು.

ಕಾಕಾಸಾಹೇಬರು ಬಂದು ಆಲ್ಬಮ್ಮಿಗೆ ಠಾಣೆಯ ಫೋಟೋಗಳನ್ನೇ ಆರಿಸಿದರು. "ಇದರಾಗ ಎಲ್ಲಾರೂ ಸಿಸ್ತ ಅದಾರ. ಉಳಿದದ್ರಾಗ ನೋಡ್ರಿ, ಸಣ್ಣ ಕ್ಯಾಮೆರಾಕ ಮಂದೀನ ತಡದ ನಿಂದ್ರಸಾಕ ಆಗಿಲ್ಲ."

ಸುದ್ದಿ ಹರಡಿತು. ಮದುವೆಗೆ ಹೇಳಿಟ್ಟಿದ್ದ ಅಥಣಿಯವರು ಮಾತು ತಿರುಗಿಸಿದರು, ರಾಯಬಾಗದವರು ಫೋನೇ ಎತ್ತಲಿಲ್ಲ. ಸಂಜೆ ಹೊತ್ತು ಆ ಕಟ್ಟೆಯ ಮುಂದೆ ಹಾಯುವಾಗ ರಿಟೈರಾದವರು ಸರಿದು ಜಾಗ ಮಾಡಿಕೊಡತೊಡಗಿದರು. ಆಗ ಮಿರಜದಿಂದ ಫೋನು ಬಂತು. ಅದೇ ಡಾಕ್ಟರು.

"ದಾದಾಸಾಹೇಬ್ರ, ಮಗಳ ಲಗ್ನ ಐತಿ, ನೀವಽ ಬರಬೇಕು. ಮತ್ತ ಆ ಮೊಬೈಲಿನಂಥಾದ್ದು ಬ್ಯಾಡ್ರಿ. ನಿಮ್ಮ ದೊಡ್ಡ ಕ್ಯಾಮೆರಾ ತರ್ರಿ. ಮಂದಿ ನೋಡ್ತಾರ."

"ನೀವಽ ಹೇಳಿದ್ರಲ್ರೀ, ಕುತ್ತಿಗಿ..."

"ಒಂದ ದಿವಸಕ್ಕ ಏನೂ ಆಗೂದಿಲ್ಲ. ಗುಳಿಗಿ ಕೊಡ್ತೀನಿ."

ದಾದಾಸಾಹೇಬರು ಫೋನು ಇಟ್ಟು ಹೆಂಡತಿಗೆ ವಿಷಯ ಹೇಳಿದರು. ತ್ರಿಶಲಾ ಕಪಾಟಿನಿಂದ ಹಳೆಯ ಕ್ಯಾಮೆರಾ ತೆಗೆದು, ಧೂಳು ಒರೆಸಿ ಮುಂದಿಟ್ಟಳು. "ಖಟಕ್ ಅನ್ನಾಕ ಇದು ಇರ್ಲಿ. ಫೋಟೋಕ ಆ ಸಣ್ಣದ ಐತೆಲ್ಲ. ನಾನೂ ಬರ್ತೀನಿ, ವೇದಿಕಿತನಾ ನಾ ಹೊರ್ತೀನಿ."

ಮಿರಜದಲ್ಲಿ ಹಾಗೆಯೇ ನಡೆಯಿತು. ವೇದಿಕೆಯ ಮೆಟ್ಟಿಲ ಬಳಿ ತ್ರಿಶಲಾ ಆ ಕೂಸನ್ನು ಗಂಡನ ಕೊರಳಿಗೆ ಹಾಕಿದಳು. ಕೂಡಲೇ ಸೆರಗುಗಳು ಸರಿದವು. ಡಾಕ್ಟರು ಹೊಟ್ಟೆ ಒಳಗೆ ಎಳೆದು, ಉಸಿರು ಕಟ್ಟಿ, ಮಗಳ ಪಕ್ಕ ನಿಂತರು. ದಾದಾಸಾಹೇಬರು ದೊಡ್ಡದನ್ನು ಎತ್ತಿ ಖಟಕ್ ಅನ್ನಿಸಿದರು. ಅದರೊಳಗೆ ಮೆಮರಿ ಕಾರ್ಡೇ ಇರಲಿಲ್ಲ. ಡಾಕ್ಟರು ಉಸಿರು ಬಿಟ್ಟರು, ಹೊಟ್ಟೆ ತನ್ನ ಸ್ಥಾನಕ್ಕೆ ಮರಳಿತು, ಮಗಳು ಅದನ್ನು ನೋಡಿ ನಕ್ಕು ಅಪ್ಪನ ಹೆಗಲಿಗೆ ಒರಗಿದಳು. ಅಪ್ಪನ ಕಣ್ಣು ತುಂಬಿತು. ದಾದಾಸಾಹೇಬರ ಇನ್ನೊಂದು ಕೈಯೊಳಗಿನ ಸಣ್ಣದು ಸದ್ದಿಲ್ಲದೆ ತನ್ನ ಕೆಲಸ ಮುಗಿಸಿತು.

ಆಲ್ಬಮ್ ಕೊಡಲು ಹೋದಾಗ ಡಾಕ್ಟರು ಆ ಫೋಟೋ ಇದ್ದ ಪುಟದಲ್ಲಿ ತಡೆದು ನಿಂತರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಬಾಗಿಲ ಹೊರಗೆ ರೋಗಿಗಳು ಕೆಮ್ಮುತ್ತಿದ್ದರು.

"ನಾ ಹೇಳಿರಲಿಲ್ಲೇನ್ರಿ?" ಎಂದರು ಕೊನೆಗೆ. "ದೊಡ್ಡ ಕ್ಯಾಮೆರಾದ ಮಾತಽ ಬ್ಯಾರೆ. ಆ ಸಣ್ಣದಕ್ಕ ಇದು ಬರ್ತಿತ್ತೇನು?"

"ಎಲ್ಲಿ ಬರ್ತಿತ್ರಿ" ಎಂದರು ದಾದಾಸಾಹೇಬರು.

ಡಾಕ್ಟರು ಖುಷಿಯಲ್ಲಿ ಎದ್ದು ಬಂದು ಅವರ ಕುತ್ತಿಗೆಯ ಮೇಲೆ ಕೈ ಇಟ್ಟು ಒತ್ತಿದರು. ದಾದಾಸಾಹೇಬರು ಹಾ ಎಂದರು. ಡಾಕ್ಟರ ಮುಖ ಗಂಭೀರವಾಯಿತು.

"ಮತ್ತ ಭಾರ ಹೊರಾಕತ್ತೀರೇನು? ಎಷ್ಟ ಸಲ ಹೇಳೂದ್ರಿ ನಿಮಗ?"