ಹಂಚಿಕೊಟ್ಟ ಸಂದೇಹಗಳು

ನನ್ನ ತಮ್ಮನ ಮಗಳನ್ನು ನಮ್ಮ ಬೀದಿಯಲ್ಲಿ ಹೆಸರು ಹಿಡಿದು ಕರೆಯುವವರಿಲ್ಲ. ಹಾಲಿನವನಿಂದ ಹಿಡಿದು ಪಕ್ಕದ ಮನೆಯ ಮುದುಕಿಯವರೆಗೆ ಎಲ್ಲರಿಗೂ ಅವಳು ಟೀಚರಮ್ಮ. ಮದುವೆಗೆ ಮುಂಚೆ ಸೇರಿದ ಶಾಲೆಯಲ್ಲೇ ಇಂದಿಗೂ ಇದ್ದಾಳೆ. ಕೋಣೆಯ ತುಂಬ ಮಕ್ಕಳು, ಬೀದಿಗೆ ತೆರೆದ ಕಿಟಕಿ, ಕಿಟಕಿಯ ಆಚೆ ತಗಡು ಬಡಿಯುವ ಅಂಗಡಿ. ಆ ಸದ್ದಿನ ಮೇಲೆ ಕೂಗಿ ಕೂಗಿ ಅವಳ ದನಿ ಒಡಕು ಮಡಕೆಯಾಗಿತ್ತು. ಸಂಜೆ ಮನೆಗೆ ಬಂದರೆ ಮಾತಿಲ್ಲ, ಬರೀ ಕೈಸನ್ನೆ. ಡಾಕ್ಟರು ಗಂಟಲೊಳಗೆ ಬೆಳಕು ಬಿಟ್ಟು ನೋಡಿ, ಹೀಗೇ ಕೂಗಿದರೆ ಇರುವ ದನಿಯೂ ಹೋದೀತು ಎಂದಿದ್ದರು.

ಮಾತನ್ನೇ ನಂಬಿ ಬದುಕುವವಳಿಗೆ ದನಿ ಹೋದರೆ ಉಳಿಯುವುದೇನು? ಟೀಚರುಗಳನ್ನು ತಯಾರು ಮಾಡುವ ತರಬೇತಿ ಕೇಂದ್ರದಲ್ಲಿ ಒಂದು ಜಾಗ ಖಾಲಿಯಾಗುವುದಿತ್ತು. ಅಲ್ಲಿ ಮುಚ್ಚಿದ ಕೋಣೆ, ಮೈಕು, ಎದುರಿಗೆ ದೊಡ್ಡವರು. ಮೆಲ್ಲಗೆ ಮಾತಾಡಿದರೂ ನಡೆಯುತ್ತದೆ. ಆದರೆ ಅದಕ್ಕೆ ಶಿಕ್ಷಣದಲ್ಲಿ ಎಂ.ಎ. ಆಗಿರಬೇಕು. ಹಾಗಾಗಿ ನಲವತ್ತು ದಾಟಿದ ಮೇಲೆ, ಕೆಲಸದಲ್ಲಿರುವ ಟೀಚರುಗಳಿಗೆಂದೇ ಇರುವ ಆನ್‌ಲೈನ್ ಎಂ.ಎ.ಗೆ ಸೇರಿದಳು.

ಸೇರುವುದೇನೋ ಸುಲಭ, ಏಗುವುದು ಯಾರು? ಮೊಬೈಲನ್ನು ಅಡುಗೆಮನೆಯ ಡಬ್ಬಿಗೆ ಒರಗಿಸಿ ಈರುಳ್ಳಿ ಹೆಚ್ಚುತ್ತ ಪಾಠ ಕೇಳಿದಳು. ಅವಳ ಅತ್ತೆಗೆ ಅದೊಂದು ಸಂಕಟ. "ಪಾಪ, ಆ ಮನುಷ್ಯ ಗಂಟೆಗಟ್ಟಲೆ ಮಾತಾಡ್ತಾನೆ, ನೀನು ಒಂದು ಹೂಂ ಅನ್ನಲ್ಲ. ನಮ್ಮ ಮನೇವರ ಬಗ್ಗೆ ಏನು ತಿಳ್ಕೊಂಡಾನು?" ಎನ್ನುತ್ತಿದ್ದರು. ಗಂಡ ಬಸ್ ಓಡಿಸುವವನು, ಒಳ್ಳೆಯ ಆಸಾಮಿ. ಪಾತ್ರೆ ತೊಳೆಯುತ್ತ ಅವನೂ ಪಾಠ ಕೇಳಿಸಿಕೊಂಡು, ಅರ್ಧ ಎಂ.ಎ. ತನಗೂ ಬರಬೇಕೆಂದು ತಕರಾರು ತೆಗೆಯುತ್ತಿದ್ದ. ಎರಡು ವರ್ಷ ಹೀಗೆ ಹೆಣಗಿ ಅವಳು ಹಣ್ಣುಗಾಯಿ ನೀರುಗಾಯಿಯಾದಳು. ಭಾನುವಾರ ನಮ್ಮ ಮನೆಗೆ ಬಂದರೆ ಗೋಡೆಗೆ ತಲೆ ಆನಿಸಿ ಕೂತುಬಿಡುವಳು. ಕಾಫಿ ಕೊಟ್ಟರೆ ಕುಡಿಯುವುದಕ್ಕೂ ಬೇಸರ.

ಕೊನೆಗೆ ಒಂದೇ ಕೆಲಸ ಉಳಿಯಿತು. ತನ್ನ ತರಗತಿಯಲ್ಲಿ ಒಂದು ಪಾಠ ಮಾಡಿ ಅದರ ವಿಡಿಯೊ ಕಳಿಸಬೇಕು. ನಡುವೆ ನಿಲ್ಲಿಸುವಂತಿಲ್ಲ, ಕತ್ತರಿಸುವಂತಿಲ್ಲ. ಒದ್ದೆ ಬಟ್ಟೆ ಹೇಗೆ ಒಣಗುತ್ತದೆ ಎಂಬ ಪಾಠ ಮಾಡಿ ಕಳಿಸಿದಳು. ಪರದೆಯ ಮೇಲೆ ಮುಖ ಮಾತ್ರ ಕಂಡು ಗೊತ್ತಿದ್ದ, ಎಂ.ಎ.ಗೆ ಅಂಕ ಕೊಡುವ ಮೇಡಂ ಅದನ್ನು ಹಿಂದಕ್ಕೆ ಕಳಿಸಿದರು. ಪಾಠ ಚೆನ್ನಾಗಿದೆ, ಆದರೆ ಮಕ್ಕಳಲ್ಲಿ ಒಬ್ಬರಿಗೂ ಒಂದು ಸಂದೇಹವೂ ಬರಲಿಲ್ಲವೇ ಎಂದು ಕೇಳಿದ್ದರು. ಇನ್ನೊಂದೇ ಅವಕಾಶ, ಅದೂ ತಪ್ಪಿದರೆ ಎರಡು ವರ್ಷದ ದುಡಿಮೆ ನೀರಿನಲ್ಲಿ ಹೋಮ. ಮತ್ತೆ ಮೊದಲಿನಿಂದ ಸೇರುವ ತ್ರಾಣ ಅವಳಲ್ಲಿ ಇರಲಿಲ್ಲ.

ತಪಾಸಣೆಗೆ ಅಧಿಕಾರಿಗಳು ಬರುತ್ತಾರೆಂದರೆ, ಯಾವ ಮಗು ಯಾವ ಉತ್ತರ ಹೇಳಬೇಕೆಂದು ಹಿಂದಿನ ದಿನವೇ ಹಂಚಿಡುವುದು ಅವರ ಶಾಲೆಯ ಹಳೇ ರೂಢಿ. ಉತ್ತರ ಹಂಚಿ ಪಳಗಿದ ಕೈ ಈ ಸಲ ಸಂದೇಹ ಹಂಚಿತು. ಮುಂದಿನ ಬೆಂಚಿನವಳಿಗೆ ಗಾಳಿಯ ಸಂದೇಹ, ನಡುವಿನವನಿಗೆ ಮೋಡದ ಸಂದೇಹ, ಹೀಗೆ. ಮಕ್ಕಳು ಮಗ್ಗಿ ಉರು ಹೊಡೆದಂತೆ ತಂತಮ್ಮ ಸಂದೇಹ ಉರು ಹೊಡೆದರು.

ವಿಡಿಯೊ ಕಳಿಸಲು ಕೊನೆಯ ದಿನ. ಗಣಿತದ ಮೇಷ್ಟ್ರು ಮೊಬೈಲನ್ನು ಕಪಾಟಿನ ಮೇಲೆ ನಿಲ್ಲಿಸಿ, ಬಾಗಿಲು ಎಳೆದುಕೊಂಡು ಹೋದರು. ಪಾಠ ಸಲೀಸಾಗಿ ಸಾಗಿತು. ಗಾಳಿಯ ಸಂದೇಹ ಬಂತು, ಮೋಡದ್ದೂ ಬಂತು. ಆಗ ಹಿಂದಿನ ಬೆಂಚಿನ ಜಡೆಯ ಹುಡುಗಿ ಎದ್ದು ನಿಂತಳು.

"ಟೀಚರ್, ನನ್ನ ಪಕ್ಕದವಳು ಇವತ್ತು ಬಂದಿಲ್ಲ. ಅವಳ ಸಂದೇಹ ಯಾರು ಕೇಳ್ಬೇಕು? ನಾನೇ ಕೇಳಿಬಿಡ್ಲಾ?"

ಈ ವಿಡಿಯೊವನ್ನು ಟೀಚರಮ್ಮ ನನಗೆ ಆಮೇಲೆ ತೋರಿಸಿದಳು. ಆ ಮಾತು ಬಿದ್ದಾಗ ಅವಳ ಮುಖ ಸುಣ್ಣ ಬಳಿದಂತಾಗಿದೆ. ಒಮ್ಮೆ ಮೊಬೈಲಿನತ್ತ ನೋಡುತ್ತಾಳೆ, ಒಮ್ಮೆ ಹುಡುಗಿಯತ್ತ. ಆಮೇಲೆ ಕುರ್ಚಿ ಎಳೆದು ದೊಪ್ಪೆಂದು ಕೂತುಬಿಡುತ್ತಾಳೆ. ಪಾಠದ ನಡುವೆ ಟೀಚರು ಕೂತದ್ದನ್ನು ಆ ಮಕ್ಕಳು ಕಂಡಿರಲಿಲ್ಲ.

"ನಾನು ಕೊಟ್ಟಿದ್ದೆಲ್ಲ ಬಿಡ್ರೋ," ಎಂದಳು. ದನಿ ಅಷ್ಟರಲ್ಲೇ ಕೂತು ಪಿಸುಮಾತಾಗಿತ್ತು. "ನಿಮಗೆ ನಿಜವಾಗ್ಲೂ ಗೊತ್ತಾಗದೇ ಇರೋದು ಏನು?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಗಡಿನ ಸದ್ದೊಂದೇ. ನೋಡುತ್ತಿದ್ದ ನನಗೇ ಮೈ ಪರಚಿಕೊಳ್ಳುವಂತಾಯಿತು. ಆಮೇಲೆ ಅದೇ ಜಡೆಯ ಹುಡುಗಿ, ಬಿಸಿಲಿಗೆ ನೀರು ಆವಿಯಾಗುತ್ತದೆ ಅಂದಿರಿ, ನಮ್ಮಮ್ಮ ಒಳಗೆ ನೆಲ ಒರೆಸುತ್ತಾಳೆ, ಅಲ್ಲಿ ಬಿಸಿಲೇ ಬರುವುದಿಲ್ಲ, ಆದರೂ ಒಣಗುತ್ತದಲ್ಲ, ಯಾಕೆ ಎಂದಳು. ಫ್ಯಾನು ಇರುತ್ತೆ ಕಣೇ ಎಂದ ಒಬ್ಬ. ನಮ್ಮ ಮನೆಯಲ್ಲಿ ಫ್ಯಾನೇ ಇಲ್ಲ ಎಂದ ಇನ್ನೊಬ್ಬ. ನೆಲ ಕುಡಿಯುತ್ತೆ ಎಂದಳು ಮತ್ತೊಬ್ಬಳು. ಟೀಚರಮ್ಮ ಉತ್ತರ ಹೇಳಲಿಲ್ಲ, ಹೇಳಲು ದನಿ ಬೇಕಲ್ಲ. ಒದ್ದೆ ಬಟ್ಟೆ ಕೊಟ್ಟು ಬೋರ್ಡಿನತ್ತ ಕೈ ತೋರಿಸಿದಳು. ಮಕ್ಕಳು ಬೋರ್ಡನ್ನು ಒದ್ದೆ ಮಾಡಿ, ಒಂದು ಕಡೆಗೆ ಪುಸ್ತಕದಿಂದ ಗಾಳಿ ಬೀಸಿ, ಇನ್ನೊಂದು ಕಡೆ ಹಾಗೇ ಬಿಟ್ಟು, ಮೂಗು ತಾಗುವಷ್ಟು ಹತ್ತಿರ ನಿಂತು ಕಾದರು. ಬೆಲ್ ಹೊಡೆದದ್ದು ಯಾರಿಗೂ ಕೇಳಿಸಲಿಲ್ಲ.

ಸ್ಟಾಫ್ ರೂಮಿನಲ್ಲಿ ಗಣಿತದ ಮೇಷ್ಟ್ರು ವಿಡಿಯೊ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಗಂಭೀರವಾಗಿ, ಇದನ್ನು ಕಳಿಸಿದರೆ ಕೆಟ್ಟೆ ತಾಯಿ, ಅಳಿಸಿ ಹಾಕು, ಊಟದ ಮೇಲೆ ಇನ್ನೊಮ್ಮೆ ತೆಗೆಯೋಣ, ಆ ಜಡೆಯವಳನ್ನು ಆಟಕ್ಕೆ ಕಳಿಸೋಣ ಎಂದರು.

ಟೀಚರಮ್ಮ ಗಂಟಲು ಮುಟ್ಟಿ ತೋರಿಸಿದಳು. ಇನ್ನೊಂದು ಪಾಠಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಕಳಿಸಿ, ಮೇಜಿನ ಮೇಲೆ ತಲೆ ಇಟ್ಟಳು. ಧೈರ್ಯದಿಂದ ಕಳಿಸಿದ್ದಲ್ಲ ದೊಡ್ಡಪ್ಪ, ಸುಸ್ತಾಗಿ ಕಳಿಸಿದ್ದು ಎಂದು ನನ್ನ ಹತ್ತಿರ ಹೇಳಿದಳು.

ಫಲಿತಾಂಶ ಬಂದ ದಿನ ಶಾಲೆಯಿಂದ ನೆಟ್ಟಗೆ ನಮ್ಮ ಮನೆಗೇ ಬಂದಳು. ಚಪ್ಪಲಿಯನ್ನೂ ಬಿಡದೆ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಮೊಬೈಲ್ ನನ್ನ ಕೈಗೆ ಕೊಟ್ಟಳು. ಕನ್ನಡಕ ಹುಡುಕಿ ಓದಿದೆ. ಮೇಡಂ ಹೀಗೆ ಬರೆದಿದ್ದರು: "ಮೊದಲ ಭಾಗ ನಾಟಕ, ಅದಕ್ಕೆ ಅಂಕವಿಲ್ಲ. ನೀವು ಕುರ್ಚಿಯಲ್ಲಿ ಕೂತ ಮೇಲಿನದು ಪಾಠ. ಅಂಕ ಅದಕ್ಕೆ ಮಾತ್ರ." ಕೆಳಗೆ, ಏಣಿಯ ಕೊನೆಯ ಮೆಟ್ಟಿಲಿಗೆ ಹೇಗೋ ಕಾಲು ಸಿಕ್ಕಿದಷ್ಟು ಅಂಕ. ಪಾಸು.

"ಎಂ.ಎ. ಆಯ್ತಲ್ಲಮ್ಮ," ಎಂದೆ. "ಖುಷಿಯಾಗ್ಲಿಲ್ವಾ?"

"ಆಗುತ್ತೆ ದೊಡ್ಡಪ್ಪ," ಎಂದಳು, ಗಾಳಿ ಸೋರಿದಂಥ ದನಿಯಲ್ಲಿ. "ಮೊದಲು ಒಂದಿಷ್ಟು ನಿದ್ದೆ ಆಗಲಿ."