ಗೊತ್ತಿರುವುದನ್ನೇ ಸಾಬೀತು ಮಾಡುವ ಕೋರ್ಸು

ಸ್ನೇಹಿತರೇ, ಗಣಿತ ಪಾಠ ಮಾಡಿಕೊಂಡಿರುವ ನಾನು ಇವತ್ತು ಕಾಲೇಜಿನ ಅಡ್ಮಿಷನ್ ಮೇಜಿನಲ್ಲಿ ಕೂತು ಪಾಟೀಸವಾಲಿಗೆ ಸಿಕ್ಕಿಬಿದ್ದೆ.

ಎದುರಿಗೆ ಕೃಷ್ಣಮೂರ್ತಿಪುರಂನ ವಕೀಲರೊಬ್ಬರು, ಪಕ್ಕದಲ್ಲಿ ಮಗಳು. ಅವಳಿಗೆ ಬಿ.ಎಸ್ಸಿ. ಗಣಿತವೇ ಬೇಕು, ಅಪ್ಪನಿಗೆ ಬೇಡ.

"ಮೂರು ವರ್ಷ ಅದರಲ್ಲಿ ಏನ್ ಕಲಿಸ್ತೀರಿ ಮೇಡಂ?"

ಸುಲಭವಾಗಲಿ ಎಂದು ಹೇಳಿದೆ. "ಚಾಮುಂಡಿ ಬೆಟ್ಟದ ಬುಡದಿಂದ ತುದಿಗೆ ಹತ್ತಿದವರು ಮಧ್ಯದಲ್ಲಿ ನಂದಿ ಇರೋ ಎತ್ತರವನ್ನ ದಾಟಿಯೇ ಹೋಗಿರ್ಬೇಕಲ್ವಾ ಸಾರ್? ಅಂಥದ್ದನ್ನ ಸಾಧಿಸಿ ತೋರಿಸ್ತೀವಿ."

"ಎಲ್ಲರಿಗೂ ಗೊತ್ತಿರೋದನ್ನ ಸಾಬೀತು ಮಾಡೋಕೆ ಮೂರು ವರ್ಷ ಬೇಕೇನ್ರೀ?"

ನಾನು ಬಾಯಿ ತೆರೆಯುವ ಮೊದಲೇ ಮಗಳು ಉತ್ತರ ಕೊಟ್ಟಳು.

"ಅಪ್ಪ, ಇಲವಾಲದ ಆ ಜಮೀನು ನಿಮ್ಮ ಕಕ್ಷಿದಾರರದ್ದೇ ಅಂತ ಊರಿಗೆಲ್ಲ ಗೊತ್ತು ಅಂತೀರ. ನಾನು ಹುಟ್ಟೋಕೆ ಮುಂಚೆಯಿಂದ ಅದನ್ನ ಕೋರ್ಟಲ್ಲಿ ಸಾಬೀತು ಮಾಡ್ತಾನೇ ಇದ್ದೀರಲ್ಲ."

ವಕೀಲರು ಕನ್ನಡಕ ತೆಗೆದು ನಿಧಾನವಾಗಿ ಒರೆಸಿಕೊಂಡರು. ಆಮೇಲೆ ಅರ್ಜಿಗೆ ಸಹಿ ಹಾಕಿದರು. ಬಾಗಿಲವರೆಗೆ ಹೋದವರು ತಿರುಗಿ, "ನಿಮ್ಮಲ್ಲಾದ್ರೂ ಮೂರು ವರ್ಷಕ್ಕೆ ಮುಗಿಯುತ್ತೆ ತಾನೇ?" ಎಂದರು.

ಇನ್ನೂ ಫೇಲಾದ ಹಳೇ ಪೇಪರ್‌ಗಳಿಗೆ ಪರೀಕ್ಷೆ ಕಟ್ಟುತ್ತಲೇ ಇರುವ ನನ್ನ ಶಿಷ್ಯರೆಲ್ಲ ಕಣ್ಣ ಮುಂದೆ ಬಂದರು.

"ಸ್ವಲ್ಪ ವಾಯಿದೆ ಕೊಡಿ ಸಾರ್" ಎಂದೆ.